ರಂಗೋಲಿ ಬಿಟ್ಟ ಹುಡುಗ, ಮಂಚದ ಕೆಳಗೆ ಸೇರಿದ ಪುಸ್ತಕಗಳು

ನೊಂದ ಮಕ್ಕಳ ಜೊತೆ ಮಾತಾಡಿ, ಪುಸ್ತಕ ಓದಿ ನೆರವಾಗುವುದು ನನ್ನ ಕೆಲಸ. ಅಂಥ ಒಂದು ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರು, ಕಸುಬು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಇಲ್ಲಿ ಪುಟ್ಟ ಅಂತ ಕರೆಯುತ್ತೇನೆ.

ನನ್ನ ಹತ್ತಿರ ಬಂದಾಗ ಪುಟ್ಟನಿಗೆ ಏಳು ವರ್ಷ, ಎರಡನೇ ಕ್ಲಾಸು. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಪಟ್ಟಣದವನು. ಅಪ್ಪನದು ಹಾರ್ಡ್‌ವೇರ್ ಅಂಗಡಿ. ಅಮ್ಮ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾರೆ. ಮನೆಯಲ್ಲಿ ಅಪ್ಪನ ತಾಯಿ ಇದ್ದಾರೆ. ಅಮ್ಮ ಅವನನ್ನು ಫೆಬ್ರವರಿಯಲ್ಲಿ ನನ್ನ ಹತ್ತಿರ ಕರೆತಂದದ್ದು ಹೊಟ್ಟೆನೋವಿಗೆ. ಸ್ಕೂಲಿನ ವ್ಯಾನು ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆ ಹಿಡಿದುಕೊಂಡು ಕೂತುಬಿಡುತ್ತಾನೆ. ಭಾನುವಾರ ನೋವಿಲ್ಲ, ಹಬ್ಬದ ರಜೆಯಲ್ಲೂ ಇಲ್ಲ. ಮಕ್ಕಳ ಡಾಕ್ಟರು ನೋಡಿದ್ದರು. ಜಂತುಹುಳುವಿನ ಔಷಧಿ ಆಗಿತ್ತು, ಸ್ಕ್ಯಾನಿಂಗೂ ಆಗಿತ್ತು. ಏನೂ ತೊಂದರೆ ಕಂಡಿರಲಿಲ್ಲ. ‘ನಾಟ್ಕ ಆಡ್ತಾನೆ ಅಂತ ಅವರಪ್ಪ ಬೈತಾರೆ ಮೇಡಂ’ ಅಂದರು ಅಮ್ಮ.

ನಾನು ಮೊದಲು ಹೇಳಿದ್ದೇ ಇದು ನಾಟಕ ಅಲ್ಲ ಅಂತ. ಹೆದರಿದ ಮಗುವಿನ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ‘ನನಗೆ ಅವಮಾನ ಆಗಿದೆ’ ಅಂತ ಹೇಳುವಷ್ಟು ಮಾತು ಆ ವಯಸ್ಸಿಗೆ ಬಂದಿರುವುದಿಲ್ಲ. ‘ಹೊಟ್ಟೆ ನೋಯ್ತಿದೆ’ ಅನ್ನುವುದು ಬಂದಿರುತ್ತದೆ. ಡಾಕ್ಟರು ನೋಡಿ ಬೇರೆ ಕಾರಣ ಇಲ್ಲ ಅಂದ ಮೇಲೆ, ಕಾರಣ ಹುಡುಕಬೇಕಾದದ್ದು ಆ ವ್ಯಾನು ಹೋಗಿ ನಿಲ್ಲುವ ಜಾಗದಲ್ಲಿ.

ಪುಟ್ಟನಿಗೆ ರಂಗೋಲಿ ಅಂದರೆ ಪ್ರಾಣ. ಅಜ್ಜಿ ಬೆಳಗ್ಗೆ ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಎದ್ದು ಅವರ ಪಕ್ಕ ಕೂರುತ್ತಿದ್ದ. ಒಂಬತ್ತು ಚುಕ್ಕಿ ಇಟ್ಟು ಒಂದಕ್ಕೆ ಇಳಿಸುವುದನ್ನು ಸ್ಕೂಲಿಗೆ ಸೇರುವ ಮುಂಚೆಯೇ ಕಲಿತಿದ್ದ. ಹೆಬ್ಬೆರಳು, ತೋರುಬೆರಳ ನಡುವೆ ಪುಡಿ ಹಿಡಿದು ಎಳೆ ಎಳೆಯುವಾಗ ಅವನ ಕೈ ನಡುಗುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಾರೆ. ಧನುರ್ಮಾಸದಲ್ಲಿ ಬೀದಿಯ ಹೆಂಗಸರು ನಿಂತು ನೋಡಿ ಹೋಗುತ್ತಿದ್ದರಂತೆ.

ಅದಕ್ಕೆ ಮುಂಚಿನ ತಿಂಗಳು ಸಂಕ್ರಾಂತಿಗೆ ಸ್ಕೂಲಿನಲ್ಲಿ ಸ್ಪರ್ಧೆ ಇಟ್ಟಿದ್ದರು. ಹುಡುಗಿಯರಿಗೆ ರಂಗೋಲಿ, ಹುಡುಗರಿಗೆ ಗಾಳಿಪಟ. ಪುಟ್ಟ ಡಬ್ಬಿಯಲ್ಲಿ ಬಣ್ಣದ ಪುಡಿ ತುಂಬಿಕೊಂಡು ಹೋಗಿ ಹುಡುಗಿಯರ ಸಾಲಿನಲ್ಲಿ ನಿಂತ. ಟೀಚರು ಕೈ ಹಿಡಿದು ಈಚೆ ಕರೆತಂದು, ‘ಇದು ಹುಡುಗೀರಿಗೆ ಕಣೋ’ ಅಂದರು. ಬೈಯಲಿಲ್ಲ, ನಗುತ್ತಲೇ ಅಂದರು. ಅವರ ಜೊತೆ ಇಡೀ ಕ್ಲಾಸೂ ನಕ್ಕಿತು. ಯಾರೋ ದೊಡ್ಡವರ ಬಾಯಲ್ಲಿ ಕೇಳಿದ್ದ ‘ಹೆಣ್ಣಿಗ’ ಅನ್ನುವ ಮಾತನ್ನು ಒಬ್ಬ ಹುಡುಗ ತಂದ. ವಾರದೊಳಗೆ ಅದೇ ಅವನ ಹೆಸರಾಯಿತು. ವ್ಯಾನಿನಲ್ಲಿ ಪಕ್ಕ ಕೂರಲು ಹುಡುಗರು ಒಪ್ಪುತ್ತಿರಲಿಲ್ಲ. ಇದೆಲ್ಲ ನಮಗೆ ಗೊತ್ತಾದದ್ದು ಅದೇ ಕ್ಲಾಸಿನ ಒಬ್ಬ ಹುಡುಗಿಯ ತಾಯಿಯಿಂದ. ಪುಟ್ಟ ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಬೆಳಗ್ಗೆ ಅಜ್ಜಿಯ ಪಕ್ಕ ಕೂರುವುದನ್ನು ಮಾತ್ರ ಬಿಟ್ಟಿದ್ದ.

ಆ ಕ್ಲಾಸಿನ ಮಕ್ಕಳನ್ನು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಐದರಿಂದ ಏಳು ವರ್ಷದ ಹೊತ್ತಿನಲ್ಲಿ ‘ಇದು ಹುಡುಗರದು, ಇದು ಹುಡುಗಿಯರದು’ ಅನ್ನುವ ನಿಯಮ ಮಕ್ಕಳಲ್ಲಿ ತುಂಬ ಬಿಗಿಯಾಗಿರುತ್ತದೆ. ಮಕ್ಕಳ ಮನಶ್ಶಾಸ್ತ್ರದಲ್ಲಿ ಇದು ಮತ್ತೆ ಮತ್ತೆ ಕಂಡಿರುವ ವಿಷಯ. ಹೊಸದಾಗಿ ಕಲಿತ ನಿಯಮ, ಅದಕ್ಕೇ ಅಷ್ಟು ಜೋರು. ಎಂಟು, ಒಂಬತ್ತು ವರ್ಷದ ನಂತರ ಸಾಮಾನ್ಯವಾಗಿ ಸಡಿಲವಾಗುತ್ತಾ ಬರುತ್ತದೆ. ಆದರೆ ಸುತ್ತಲಿನ ದೊಡ್ಡವರೇ ಎರಡು ಸಾಲು ಮಾಡಿ ನಿಲ್ಲಿಸಿದರೆ ಅದು ಸಡಿಲವಾಗುವುದಾದರೂ ಹೇಗೆ?

ವಿಷಯ ಗೊತ್ತಾದ ಕೂಡಲೇ ಅಮ್ಮ ಸುಮ್ಮನೆ ಕೂರಲಿಲ್ಲ. ಫೋನಿನಲ್ಲಿ ಹುಡುಕಿ, ‘ನೀನು ನೀನಾಗಿರು’ ಅನ್ನುವಂಥ ಚಿತ್ರಪುಸ್ತಕಗಳನ್ನು ತರಿಸಿದರು. ಎಲ್ಲರ ಹಾಗಿಲ್ಲದ ಒಂದು ಪ್ರಾಣಿ, ಎಲ್ಲರೂ ಅದನ್ನು ಗೇಲಿ ಮಾಡುವುದು, ಕೊನೆಗೆ ಎಲ್ಲರೂ ಮೆಚ್ಚುವುದು. ಹೆಚ್ಚಿನವು ಇದೇ ಥರದವು. ದಿನಾ ರಾತ್ರಿ ಕೂರಿಸಿಕೊಂಡು ಓದಿದರು. ಓದಿ ಮುಗಿದ ಮೇಲೆ, ‘ನೋಡ್ದಾ ಬಂಗಾರ, ಅದು ಹೆಂಗೆ ಧೈರ್ಯವಾಗಿತ್ತು? ನೀನೂ ಹಂಗೇ ಇರ್ಬೇಕು’ ಅನ್ನುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಮನೆ ಗುಡಿಸುವಾಗ ಆ ಪುಸ್ತಕಗಳೆಲ್ಲ ಮಂಚದ ಕೆಳಗೆ, ಗೋಡೆಯ ಮೂಲೆಯಲ್ಲಿ, ಹಳೇ ಚಾಪೆಯ ಹಿಂದೆ ಸಿಕ್ಕವು.

‘ಪುಸ್ತಕ ಅಂದ್ರೆ ಇವನಿಗೆ ಆಗಲ್ಲ ಅನ್ಸುತ್ತೆ ಮೇಡಂ’ ಅಂದರು. ಆ ಪುಸ್ತಕಗಳನ್ನು ತರಲು ಹೇಳಿ ನೋಡಿದೆ. ಪುಸ್ತಕಗಳು ಚೆನ್ನಾಗಿಯೇ ಇದ್ದವು. ಓದಿದ ರೀತಿ ಮಗುವಿಗೆ ಬೇರೆಯೇ ಏನೋ ಹೇಳಿತ್ತು. ತಾಯಿ ‘ಹಂಗೇ ಇರು’ ಅಂದಾಗ ಮಗು ಕೇಳಿಸಿಕೊಂಡದ್ದು ‘ನಿನ್ನಲ್ಲಿ ಏನೋ ಸರಿಯಿಲ್ಲ, ಅದಕ್ಕೇ ಇಷ್ಟೊಂದು ಪುಸ್ತಕ ತರಿಸಿದ್ದೀವಿ’ ಅಂತ. ಇನ್ನೂ ಒಂದಿದೆ. ‘ಧೈರ್ಯವಾಗಿರು’ ಅಂದರೆ ಗೇಲಿಯನ್ನು ನಿಲ್ಲಿಸುವ ಕೆಲಸವೂ ಅವನ ತಲೆಗೇ ಬಂತು. ಏಳು ವರ್ಷದ ಹುಡುಗ ಅದನ್ನು ಹೊರಲಾರ.

ಕಥೆ ಮುಗಿದ ಕೂಡಲೇ ‘ಇದರ ನೀತಿ ಏನು?’ ಅಂತ ಕೇಳುವುದು ನಮ್ಮಲ್ಲಿ ಹಳೇ ಅಭ್ಯಾಸ. ಪಂಚತಂತ್ರದಿಂದ ಹಿಡಿದು ಪಾಠದ ಪುಸ್ತಕದವರೆಗೂ ಇದೆ. ಅದಕ್ಕೆ ಅದರದೇ ಜಾಗ ಇರಬಹುದು. ಗೇಲಿಗೆ ಸಿಕ್ಕಿ ಮುದುಡಿರುವ ಮಗುವಿನ ಜೊತೆ ಕೂತು ಓದುವಾಗ ಮಾತ್ರ ಅದನ್ನು ಪೂರ್ತಿ ಬಿಡಬೇಕು. ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಪುಟ್ಟನ ಜೊತೆ ನಾನು ಶುರು ಮಾಡಿದ್ದು ಮಾತೇ ಇಲ್ಲದ, ಬರೀ ಚಿತ್ರಗಳಿರುವ ಒಂದು ಪುಸ್ತಕದಿಂದ. ಸಂತೆಯ ದಿನದ ಚಿತ್ರಗಳು. ತರಕಾರಿ ರಾಶಿ, ಬಳೆ ಅಂಗಡಿ, ಎತ್ತಿನ ಗಾಡಿ, ನೂರಾರು ಸಣ್ಣ ಸಣ್ಣ ಜನ. ಅದರಲ್ಲಿ ಯಾರೂ ‘ಬೇರೆ ಥರ’ದವರಲ್ಲ. ಯಾರಿಗೂ ಪಾಠ ಇಲ್ಲ. ನಾನು ಪುಟ ತಿರುಗಿಸಿ ಸುಮ್ನೆ ಕೂತೆ. ಅವನು ಬಹಳ ಹೊತ್ತು ಎತ್ತುಗಳನ್ನು ನೋಡಿದ. ಆಮೇಲೆ ಗಾಡಿಯ ಹಿಂದೆ ಒಬ್ಬನೇ ನಿಂತಿದ್ದ ಪುಟಾಣಿ ಹುಡುಗನ ಮೇಲೆ ಬೆರಳಿಟ್ಟ.

‘ಇವನು ಯಾಕೆ ಇಲ್ಲಿ ನಿಂತಿದಾನೆ?’

‘ನಿನಗೇನು ಅನ್ಸುತ್ತೆ?’ ಅಂದೆ.

‘ಇವನ್ನ ಸೇರಿಸ್ಕೊಳ್ಳಲ್ಲ.’

‘ಓ. ಆಮೇಲೆ ಇವನು ಏನ್ ಮಾಡ್ತಾನೆ?’

‘ಚಕ್ರದ ಕಡ್ಡಿ ಎಣಿಸ್ತಾನೆ. ಎಣಿಸ್ತಾ ಇದ್ರೆ ಬೆಲ್ ಹೊಡೆಯುತ್ತೆ.’

ಸಂತೆಯಲ್ಲಿ ಬೆಲ್ ಎಲ್ಲಿಂದ ಬಂತು? ಅಲ್ಲಿ ಅವನು ಹೇಳಿದ್ದು ಸ್ಕೂಲಿನ ಊಟದ ಬಿಡುವಿನ ಕಥೆ. ಆ ಕ್ಷಣದಲ್ಲಿ ‘ನಿನ್ನನ್ನೂ ಸೇರಿಸ್ಕೊಳ್ಳಲ್ವಾ?’ ಅಂತ ಕೇಳುವ ಆಸೆ ಎಂಥವರಿಗೂ ಬರುತ್ತದೆ. ಕೇಳಬಾರದು. ಮಗು ಚಿತ್ರದ ಹುಡುಗನ ಹಿಂದೆ ನಿಂತು ಮಾತಾಡುತ್ತಿದೆ. ಆ ಮರೆಯನ್ನು ಕಿತ್ತರೆ ಮಾತೂ ನಿಲ್ಲುತ್ತದೆ. ನಾನು ಚಿತ್ರದ ಹುಡುಗನ ಬಗ್ಗೆಯೇ ಮಾತು ಮುಂದುವರಿಸಿದೆ. ಅವನಿಗೆ ಹಸಿವಾಗುತ್ತಾ, ಯಾರಾದರೂ ಕಂಡರೆ ಏನು ಹೇಳುತ್ತಾನೆ, ಯಾರು ಬಂದು ಪಕ್ಕ ನಿಂತರೆ ಒಳ್ಳೆಯದು ಅಂತ. ಕೊನೇ ಪ್ರಶ್ನೆಗೆ ಪುಟ್ಟ ಬಳೆ ಅಂಗಡಿಯ ಮುದುಕಿಯನ್ನು ತೋರಿಸಿದ.

ಹೀಗೆ ಓದುವುದು ನನ್ನ ಕಲ್ಪನೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಚಿತ್ರಪುಸ್ತಕ ಓದುವ ಒಂದು ರೀತಿಯನ್ನು ಪರೀಕ್ಷಿಸಿ ಪ್ರಕಟಿಸಿದರು. ದೊಡ್ಡವರು ಓದುವುದು, ಮಗು ಕೇಳುವುದು ಅನ್ನುವ ಬದಲು, ಮಗುವೇ ಕಥೆ ಹೇಳುವ ಹಾಗೆ ದೊಡ್ಡವರು ಪ್ರಶ್ನೆ ಕೇಳಬೇಕು. ಹೌದು, ಇಲ್ಲ ಅನ್ನುವಲ್ಲಿಗೆ ಮುಗಿಯುವ ಪ್ರಶ್ನೆ ಅಲ್ಲ. ‘ಇಲ್ಲಿ ಏನಾಗ್ತಿದೆ?’, ‘ಆಮೇಲೆ?’ ಅನ್ನುವಂಥವು. ಮಗು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸಿ ಮತ್ತೆ ಮಗುವಿಗೇ ಬಿಡುವುದು. ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ನೋಡಿದ್ದು ಪುಟಾಣಿ ಮಕ್ಕಳ ಭಾಷೆ ಬೆಳೆಯುವುದನ್ನು. ಒಂದು ತಿಂಗಳಲ್ಲೇ ವ್ಯತ್ಯಾಸ ಕಂಡಿತ್ತು. ನನ್ನ ಕೆಲಸದಲ್ಲಿ ಇದೇ ರೀತಿ ಇನ್ನೊಂದಕ್ಕೂ ಒದಗುತ್ತದೆ. ಮಾತು ಯಾರ ಕೈಯಲ್ಲಿದೆಯೋ ಅವರಿಗೆ ಕಥೆಯ ಮೇಲೆ ಹಿಡಿತ ಇರುತ್ತದೆ. ಗೇಲಿಗೆ ಸಿಕ್ಕ ಮಗು ಕಳೆದುಕೊಂಡಿರುವುದು ಆ ಹಿಡಿತವನ್ನೇ.

ಮನೆಯಲ್ಲೂ ಹಾಗೇ ಓದಲು ಅಮ್ಮನಿಗೆ ಹೇಳಿಕೊಟ್ಟೆ. ಮೊದಲು, ಪುಸ್ತಕ ಆರಿಸುವುದು ಪುಟ್ಟ. ಡೈನೋಸಾರ್ ಬೇಕು ಅಂದರೆ ಡೈನೋಸಾರೇ. ಮಂಚದ ಕೆಳಗಿನ ಪುಸ್ತಕಗಳನ್ನು ಕಪಾಟಿನಲ್ಲಿ ಅವನ ಕೈಗೆ ಸಿಗುವ ಹಾಗೆ ಇಡಿ, ಅವುಗಳ ಬಗ್ಗೆ ಮಾತೇ ಬೇಡ. ಓದುವಾಗ ಮುಖ ನೋಡಬೇಡಿ, ಚಿತ್ರ ನೋಡಿ. ‘ಇದು ನಿನ್ ಥರಾನೇ’ ಅಂತ ಯಾವತ್ತೂ ನೀವು ಹೇಳಬೇಡಿ. ಅವನೇ ಹೇಳಿದರೆ ‘ಹೌದಾ, ಹೆಂಗೆ?’ ಅನ್ನಿ. ಅರ್ಧಕ್ಕೆ ಎದ್ದು ಹೋದರೆ ಹೋಗಲಿ. ಒಂದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಓದಿ. ಒಂದು ಪುಟದ ಮುಂದೆ ಮಗು ಮತ್ತೆ ಮತ್ತೆ ಬಂದು ನಿಲ್ಲುತ್ತಿದೆ ಅಂದರೆ ಅಲ್ಲಿ ಅದಕ್ಕೆ ಏನೋ ಕೆಲಸ ಇದೆ ಅಂತ. ‘ಮುಗೀತಲ್ಲ, ನಡಿ ಮಲಗು’ ಅಂತ ಲೈಟ್ ಆರಿಸುವ ಮುಂಚೆ ಒಂದೆರಡು ನಿಮಿಷ ಸುಮ್ಮನೆ ಪಕ್ಕದಲ್ಲಿರಿ. ಹೇಳಬೇಕಾದ್ದನ್ನು ಮಕ್ಕಳು ಹೆಚ್ಚಾಗಿ ಹೇಳುವುದು ಆಗಲೇ.

ಎಂಥ ಪುಸ್ತಕ ಕೊಡಬೇಕು ಅನ್ನುವುದರ ಬಗ್ಗೆಯೂ ಅಮ್ಮ ಕೇಳಿದರು. ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಹೇಳಿದ ಮಾತೊಂದು ನನಗೆ ಈ ಕೆಲಸದಲ್ಲಿ ದಾರಿ ತೋರಿಸುತ್ತದೆ. ಪುಸ್ತಕ ಕೆಲವೊಮ್ಮೆ ಕನ್ನಡಿ, ಕೆಲವೊಮ್ಮೆ ಕಿಟಕಿ ಅಂದರು ಅವರು. ಮಗುವಿಗೆ ತನ್ನ ಮುಖವೂ ಕಾಣಬೇಕು, ಬೇರೆಯವರ ಮನೆಯೂ ಕಾಣಬೇಕು. ಅವರು ಬರೆದದ್ದು ಅಮೆರಿಕದ ಕಪ್ಪು ಮಕ್ಕಳಿಗೆ ಪುಸ್ತಕಗಳಲ್ಲಿ ತಮ್ಮ ಮುಖ ಸಿಗದಿರುವ ನೋವನ್ನು ಕಂಡು. ನಮ್ಮ ತಾಲ್ಲೂಕು ಪಟ್ಟಣದ ಮಕ್ಕಳಿಗೂ ಈ ಕೊರತೆ ಇದೆ. ಪುಟ್ಟನಿಗೆ ತರಿಸಿದ್ದ ಪುಸ್ತಕಗಳಲ್ಲಿ ಹಿಮ ಬೀಳುತ್ತಿತ್ತು, ಚಿಮಣಿ ಇದ್ದ ಮನೆಗಳಿದ್ದವು, ಭಾಷೆ ಇಂಗ್ಲಿಷು. ಅಮ್ಮ ಸಾಲು ಸಾಲಾಗಿ ಕನ್ನಡಕ್ಕೆ ಹೇಳುತ್ತಾ ಹೋಗಬೇಕಿತ್ತು. ಹೆಂಚಿನ ಮನೆ, ಅಜ್ಜಿ, ಬಸ್‌ಸ್ಟ್ಯಾಂಡು ಇರುವ ಚಿತ್ರದಲ್ಲಿ ಮಗು ಬೇಗ ತನ್ನನ್ನು ಕಂಡುಕೊಳ್ಳುತ್ತದೆ.

ಕನ್ನಡದಲ್ಲಿ ಇಂಥವು ಈಗ ಸಿಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ದುಡ್ಡಿಲ್ಲದೆ ಓದಬಹುದು, ಇಳಿಸಿಕೊಂಡು ಪ್ರಿಂಟೂ ತೆಗೆಯಬಹುದು. ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಪುಟ್ಟನ ವಯಸ್ಸಿಗೆ ಮೊದಲ ಎರಡು ಹಂತ ಸಾಕು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯವು ಕಡಿಮೆ ಬೆಲೆಗೆ ಸಿಗುತ್ತವೆ. ಚೆನ್ನೈನ ತೂಲಿಕಾದವರು ಕನ್ನಡ, ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕ ತರುತ್ತಾರೆ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ಕೇಳಿ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮೊಬೈಲಿನಲ್ಲಿ ತೋರಿಸುವುದಕ್ಕಿಂತ ಪ್ರಿಂಟ್ ತೆಗೆದು ಸ್ಟೇಪಲ್ ಹೊಡೆದು ಕೊಡುವುದು ನನಗೆ ಇಷ್ಟ. ಮಗು ಹಿಂದಿನ ಪುಟಕ್ಕೆ ತಾನೇ ಹೋಗಬಹುದು, ಅಲ್ವಾ?

ಒಂದು ಬಗೆಯ ಕಥೆಯ ವಿಷಯದಲ್ಲಿ ಮಾತ್ರ ಅಮ್ಮನಿಗೆ ಎಚ್ಚರಿಕೆ ಹೇಳಿದೆ. ಎಲ್ಲರೂ ದೂರ ಇಟ್ಟಿದ್ದ ಪ್ರಾಣಿ ಕೊನೆಯಲ್ಲಿ ಊರನ್ನೇ ಕಾಪಾಡುತ್ತದೆ, ಅದಕ್ಕೇ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಓದಲು ಖುಷಿ ಕೊಡುವ ಕಥೆ ಅದು. ಆದರೆ ಪುಟ್ಟನಂಥ ಮಗುವಿಗೆ ಅದು ಹೇಳುವುದೇನು? ನೀನು ಏನಾದರೂ ದೊಡ್ಡದು ಮಾಡಿ ತೋರಿಸು, ಆಮೇಲೆ ಸೇರಿಸಿಕೊಳ್ಳುತ್ತೇವೆ ಅಂತ. ರಂಗೋಲಿಯಲ್ಲಿ ಫಸ್ಟ್ ಬಂದರಷ್ಟೇ ಮರ್ಯಾದೆ ಅಂತಾದರೆ, ಬರದ ದಿನ ಅವನ ಗತಿ? ಏನೂ ಗೆಲ್ಲದೆ, ಯಾರನ್ನೂ ಕಾಪಾಡದೆ, ಇದ್ದ ಹಾಗೇ ಎಲ್ಲರ ಜೊತೆ ಕೂತು ಊಟ ಮಾಡುವ ಮಗುವಿನ ಕಥೆ ಇಂಥವರಿಗೆ ಜಾಸ್ತಿ ಬೇಕು. ಅಡುಗೆ ಮಾಡುವ ಅಣ್ಣ, ಸೈಕಲ್ ರಿಪೇರಿ ಮಾಡುವ ಅಕ್ಕ ಕಥೆಯಲ್ಲಿ ಸುಮ್ಮನೆ ಇರಬೇಕು. ಅದೇ ಕಥೆಯಾಗಬೇಕಿಲ್ಲ.

ಅಪ್ಪನ ಜೊತೆ ಮಾತಾಡುವುದು ಸುಲಭ ಇರಲಿಲ್ಲ. ಅವರು ಬಂದದ್ದೇ ತಡವಾಗಿ, ಅದೂ ಅಂಗಡಿ ಮುಚ್ಚಿದ ಮೇಲೆ. ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: ‘ನೇರವಾಗೇ ಕೇಳ್ತೀನಿ ಮೇಡಂ. ಇವನು ಮುಂದೆ ಹಂಗೇ ಆಗ್ಬುಟ್ರೆ?’ ಯಾರೋ ಪರಿಚಯದವರು, ಇಂಜೆಕ್ಷನ್ ಕೊಟ್ಟು ‘ಸರಿ’ ಮಾಡುತ್ತಾರೆ ಅಂತ ಒಬ್ಬರ ವಿಳಾಸ ಕೊಟ್ಟಿದ್ದರಂತೆ.

ನಾನೂ ನೇರವಾಗಿಯೇ ಹೇಳಿದೆ. ರಂಗೋಲಿ ಹಾಕುವುದರಿಂದ, ಕುಣಿಯುವುದರಿಂದ, ಅಡುಗೆ ಆಟ ಆಡುವುದರಿಂದ ಮಗು ಮುಂದೆ ಯಾರಾಗುತ್ತದೆ ಅಂತ ಹೇಳಲು ಬರುವುದಿಲ್ಲ. ನಿಮಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಹೆಚ್ಚಿನ ಸಲ ಅದು ಬರೀ ರಂಗೋಲಿಯ ಇಷ್ಟ, ಅಷ್ಟೇ. ಅವನು ಮುಂದೆ ಯಾರೇ ಆದರೂ ಅದು ರೋಗವಲ್ಲ. ಸಲಿಂಗ ಪ್ರೇಮವನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದಿದೆ. ಅದನ್ನು ‘ಬದಲಾಯಿಸುತ್ತೇವೆ’ ಅಂತ ಚಿಕಿತ್ಸೆ ಕೊಡುವುದು ವೈದ್ಯ ವೃತ್ತಿಗೆ ವಿರುದ್ಧ ಅಂತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಆ ವಿಳಾಸವನ್ನು ಹರಿದು ಹಾಕಿ ಅಂದೆ. ಏಳು ವರ್ಷದ ಹುಡುಗನಿಗೆ ಇವತ್ತು ಬೇಕಾಗಿರುವುದು ಒಂದೇ. ಸ್ಕೂಲಿನಲ್ಲಿ ನಕ್ಕರೂ ಮನೆಯಲ್ಲಿ ನಗುವುದಿಲ್ಲ ಅನ್ನುವ ನಂಬಿಕೆ.

ಅವರು ತಕ್ಷಣ ಒಪ್ಪಲಿಲ್ಲ. ಒಪ್ಪಬೇಕು ಅಂತ ನಾನು ಒತ್ತಾಯಿಸಲೂ ಇಲ್ಲ. ಪುಟ್ಟನ ಮುಂದೆ ‘ನಾಟ್ಕ’ ಅನ್ನುವ ಮಾತು ಆಡಬೇಡಿ, ವಾರದಲ್ಲಿ ಒಂದು ರಾತ್ರಿ ಪುಸ್ತಕ ನೀವು ಓದಿ ಅಂತ ಎರಡು ಕೆಲಸ ಹೇಳಿ ಕಳಿಸಿದೆ. ಓದು ಚೆನ್ನಾಗಿ ಬರಲ್ಲ ಅಂದರು. ಚಿತ್ರ ನೋಡಲು ಓದು ಬೇಕಿಲ್ಲ, ಪುಟ್ಟ ಹೇಳುತ್ತಾನೆ ನೀವು ಕೇಳಿ ಅಂದೆ. ಲಾರಿ, ಟ್ರ್ಯಾಕ್ಟರ್ ಇರುವ ಪುಸ್ತಕವನ್ನೇ ಇಬ್ಬರೂ ಹಿಡಿದು ಕೂರುತ್ತಾರೆ ಅಂತ ಆಮೇಲೆ ಅಮ್ಮನಿಂದ ಗೊತ್ತಾಯಿತು. ಅಪ್ಪನಿಗೆ ಯಾವ ಬೋಲ್ಟು ಎಲ್ಲಿ ಬರುತ್ತದೆ ಅಂತ ಹೇಳುವುದೇ ಖುಷಿಯಂತೆ. ಆಗಲಿ, ಒಳ್ಳೆಯದೇ.

ಅಜ್ಜಿಗೆ ಇದ್ಯಾವುದೂ ಸಮಸ್ಯೆ ಅಂತಲೇ ಅನ್ನಿಸಿರಲಿಲ್ಲ. ‘ನಮ್ಮೂರಲ್ಲಿ ಕುರುಕ್ಷೇತ್ರ ನಾಟ್ಕ ಆಡ್ದಾಗ ಗಂಡಸ್ರೇ ಸೀರೆ ಉಟ್ಕೊಂಡು ದ್ರೌಪದಿ ಪಾರ್ಟು ಮಾಡೋರು ಕಣವ್ವ. ಬೆಳಗಾನ ಜನ ಕೂತು ನೋಡೋರು, ಯಾರೂ ಏನೂ ಅಂತಿರ್ಲಿಲ್ಲ’ ಅಂದರು. ಇದನ್ನು ಮಗನ ಎದುರೇ ಇನ್ನೊಂದು ಸಲ ಹೇಳಿ ಅಂತ ಕೇಳಿಕೊಂಡೆ. ಮಗ ಹೇಳಿಕೊಳ್ಳದೆ ಇದ್ದ ವಿಷಯ, ಆ ನಾಟಕಕ್ಕೆ ಬಣ್ಣ ಹಚ್ಚುವವರ ಹಿಂದೆ ತಾವೂ ಓಡಾಡಿದ್ದು, ಆಗ ಹೊರಗೆ ಬಂತು.

ಇನ್ನು ಪುಟ್ಟನ ಸ್ವಂತ ಪುಸ್ತಕದ ವಿಷಯ. ಕೆಲವು ಭೇಟಿಗಳ ನಂತರ ಬಿಳಿ ಹಾಳೆಗಳನ್ನು ಮಡಿಸಿ, ನಡುವೆ ಹೊಲಿಗೆ ಹಾಕಿ ಅವನಿಗೆ ಕೊಟ್ಟೆ. ಚಿತ್ರ ಅವನು ಬರೆಯುವುದು, ಅವನು ಹೇಳಿದ ಮಾತನ್ನು ಅಮ್ಮ ಹಾಗೇ ಬರೆಯುವುದು. ತಿದ್ದುವ ಹಾಗಿಲ್ಲ. ಅವನು ಆರಿಸಿದ್ದು ಹಲ್ಲಿಯನ್ನು. ಮೊದಲ ಪುಟದಲ್ಲಿ ಗೋಡೆ, ಟ್ಯೂಬ್‌ಲೈಟು, ಒಂದು ಹಲ್ಲಿ. ‘ಎಲ್ಲಾ ಹಲ್ಲಿ ಹುಳ ಹಿಡೀತಾವೆ. ಈ ಹಲ್ಲಿ ಹುಳಾನೂ ಹಿಡಿಯುತ್ತೆ. ಆಮೇಲೆ ರಂಗೋಲಿ ಹಾಕುತ್ತೆ.’ ಎರಡನೇ ಪುಟದಲ್ಲಿ ಛಾವಣಿಯ ಮೇಲೆ ಹೆಜ್ಜೆ ಗುರುತುಗಳೇ ಚುಕ್ಕಿ, ಬಾಲವೇ ಎಳೆ. ಎಷ್ಟು ಅಚ್ಚುಕಟ್ಟು ಅಂದರೆ, ಐದು, ನಾಲ್ಕು, ಮೂರು, ಎರಡು, ಒಂದು ಅಂತ ಚುಕ್ಕಿ ಸರಿಯಾಗಿ ಇಳಿದಿತ್ತು. ಮೂರನೇ ಪುಟದಲ್ಲಿ ಬೇರೆ ಹಲ್ಲಿಗಳು ಲೊಚ್ ಲೊಚ್ ಅನ್ನುತ್ತವೆ. ನಾಲ್ಕನೇ ಪುಟವನ್ನು ಕಪ್ಪು ಪೆನ್ಸಿಲಿನಲ್ಲಿ ಪೂರ್ತಿ ತೀಡಿದ್ದ. ಹಾಳೆ ಅಲ್ಲಲ್ಲಿ ತೂತಾಗಿತ್ತು. ‘ಇದು ಏನೂ ಇಲ್ಲ. ಕರೆಂಟ್ ಹೋಯ್ತು’ ಅಂದ. ಕೊನೇ ಪುಟ: ‘ಬಾಲ ಬಿತ್ತು. ಆಮೇಲೆ ಬಂತು. ಈಗ ಊಟ ಮಾಡ್ತಿದೆ.’

ಅಮ್ಮನಿಗೆ ಸಮಾಧಾನ ಆಗಲಿಲ್ಲ. ‘ಕೊನೇಲಿ ಎಲ್ಲಾ ಹಲ್ಲಿಗಳೂ ಬಂದು ಚಪ್ಪಾಳೆ ತಟ್ಟಿದ್ವು ಅಂತ ಸೇರಿಸ್ಲಾ ಮೇಡಂ?’ ಅಂತ ಕೇಳಿದರು. ಬೇಡ ಅಂದೆ. ಚಪ್ಪಾಳೆ ಬೇಕಾಗಿರುವುದು ನಮಗೆ. ಅವನಿಗೆ ಬೇಕಾಗಿದ್ದದ್ದು ಬಿದ್ದ ಬಾಲ ಮತ್ತೆ ಬರುತ್ತದೆ ಅನ್ನುವುದು. ಅದನ್ನು ಅವನೇ ಹುಡುಕಿಕೊಂಡಿದ್ದ. ಆ ಕಪ್ಪು ಪುಟವನ್ನೂ ಕೀಳಬೇಡಿ ಅಂದೆ. ಮಕ್ಕಳು ತಾವು ಪಟ್ಟ ಕಷ್ಟವನ್ನು ಒಂದು ಪುಟದಲ್ಲಿ ಇಟ್ಟು, ಮುಂದಿನ ಪುಟಕ್ಕೆ ಹೋಗಲು ಕಲಿಯುವುದು ಹೀಗೇ.

ಪುಸ್ತಕದಿಂದ ಮನೆಯಲ್ಲಿ ಎಷ್ಟು ಒಳ್ಳೆಯದಾದರೂ, ವ್ಯಾನಿನಲ್ಲಿ ‘ಹೆಣ್ಣಿಗ’ ಅನ್ನುವುದು ನಿಲ್ಲದಿದ್ದರೆ ಮಗು ಪ್ರತಿ ದಿನ ಹೊಸದಾಗಿ ಗಾಯ ಮಾಡಿಕೊಂಡು ಬರುತ್ತದೆ. ಹಾಗಾಗಿ ಅಮ್ಮನ ಜೊತೆ ನಾನೂ ಸ್ಕೂಲಿಗೆ ಹೋದೆ. ದೂರು ಅಂತ ಹೋಗಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ ಅನ್ನುವುದನ್ನು ಮುಖ್ಯೋಪಾಧ್ಯಾಯರಿಗೆ ನೆನಪು ಮಾಡಿದೆ. ಟೀಚರಿಗೆ ತಮ್ಮ ನಗು ಅಷ್ಟು ದೂರ ಹೋಗಿದೆ ಅಂತ ಗೊತ್ತೇ ಇರಲಿಲ್ಲ. ಕೇಳಿ ತುಂಬ ನೊಂದುಕೊಂಡರು. ಪುಟ್ಟನನ್ನು ಎದ್ದು ನಿಲ್ಲಿಸಿ ಹೊಗಳುವುದು, ‘ಅವನನ್ನು ಗೇಲಿ ಮಾಡಬೇಡಿ’ ಅಂತ ಹೆಸರು ಹಿಡಿದು ಹೇಳುವುದು ಎರಡೂ ಬೇಡ ಅಂತ ಕೇಳಿಕೊಂಡೆ. ಇಡೀ ಕ್ಲಾಸಿಗೆ ಚಿತ್ರಪುಸ್ತಕ ಓದಿ, ಬೇರೆ ಬೇರೆ ಥರದ್ದು, ವಾರಕ್ಕೆ ಎರಡು ಸಲ. ಕೊನೆಯಲ್ಲಿ ನೀತಿ ಬೇಡ. ‘ಹೆಣ್ಣಿಗ’ ಅನ್ನುವ ಮಾತು ಕೇಳಿದ ಕೂಡಲೇ, ಯಾರೇ ಯಾರಿಗೇ ಅಂದರೂ, ‘ಈ ಕ್ಲಾಸಲ್ಲಿ ಆ ಮಾತು ಇಲ್ಲ’ ಅಂತ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗಿ.

ಟೀಚರು ತಾವಾಗಿಯೇ ಇನ್ನೊಂದು ಮಾಡಿದರು. ಗಣಿತದ ಪೀರಿಯಡ್ಡಿನಲ್ಲಿ ಚುಕ್ಕಿ ಹಾಳೆ ಕೊಟ್ಟು ಎಲ್ಲ ಮಕ್ಕಳಿಂದಲೂ ರಂಗೋಲಿ ಬರೆಸಿದರು. ಅರ್ಧ ನೀನು, ಅದೇ ಥರ ಇನ್ನರ್ಧ ಪಕ್ಕದವರು. ತಮಿಳುನಾಡಿನ ರಂಗೋಲಿಯಾದ ಕೋಲಂ ಚಿತ್ರಗಳನ್ನು 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು ಗಣಕ ವಿಜ್ಞಾನದ ಲೆಕ್ಕದಲ್ಲಿ ಅಭ್ಯಾಸ ಮಾಡಿದ್ದರು ಅಂತ ಅವರಿಗೆ ನಾನು ಹೇಳಿದ್ದೆ. ಅದು ಅವರಿಗೆ ಹಿಡಿಸಿತ್ತು. ಎಲ್ಲ ಹುಡುಗರ ಕೈಗೂ ಚುಕ್ಕಿ ಬಂದ ಮೇಲೆ ಪುಟ್ಟ ಒಬ್ಬನೇ ಬೇರೆ ಅನ್ನುವುದಕ್ಕೆ ಜಾಗ ಉಳಿಯಲಿಲ್ಲ. ‘ಇದು ಹೆಂಗೋ ಸೇರ್ಸೋದು?’ ಅಂತ ಅವನನ್ನು ಕೇಳಿಕೊಂಡು ಬಂದವರಲ್ಲಿ ಆ ಮಾತು ತಂದ ಹುಡುಗನೂ ಇದ್ದ ಅಂತ ಟೀಚರು ಹೇಳಿದರು.

ಇದೇ ಥರದ ತೊಂದರೆ ಇರುವ ಮನೆಯವರಿಗೆ ಒಂದು ಮಾತು ಹೇಳಬೇಕು. ಮನೆಯಲ್ಲಿ ಪುಸ್ತಕ ಓದುವುದರಿಂದಲೇ ಎಲ್ಲ ಮುಗಿಯುವುದಿಲ್ಲ. ಮಗು ವಾರಗಟ್ಟಲೆ ಸ್ಕೂಲಿಗೇ ಹೋಗದಿದ್ದರೆ, ನಿದ್ದೆ, ಊಟ ಕೆಟ್ಟರೆ, ತನಗೆ ತಾನೇ ನೋವು ಮಾಡಿಕೊಂಡರೆ, ‘ನಾನು ಇರಬಾರದಿತ್ತು’ ಅನ್ನುವಂಥ ಮಾತಾಡಿದರೆ ಕಾಯಬೇಡಿ. ಮಕ್ಕಳ ಮನೋವೈದ್ಯರಿಗೆ ತೋರಿಸಿ. ಯಾರನ್ನು ನೋಡಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಪುಟ್ಟ ಮೂರನೇ ಕ್ಲಾಸು. ಹೊಟ್ಟೆನೋವು ಬೇಸಿಗೆ ರಜೆಗೆ ಮುಂಚೆಯೇ ಕಡಿಮೆಯಾಯಿತು. ಜೂನ್‌ನಲ್ಲಿ ಸ್ಕೂಲು ಶುರುವಾದಾಗ ಕೆಲವು ದಿನ ಮತ್ತೆ ಬಂತು, ಹೋಯಿತು. ರಂಗೋಲಿ ಸದ್ಯಕ್ಕೆ ದೇವರ ಮನೆಯಲ್ಲಿ ಹಾಕುತ್ತಾನೆ, ಬೀದಿ ಬಾಗಿಲಿಗೆ ಇನ್ನೂ ಬಂದಿಲ್ಲ. ಕರೆಯಬೇಡಿ, ಬಂದಾಗ ಪಕ್ಕಕ್ಕೆ ಸರಿದು ಜಾಗ ಕೊಡಿ ಅಂತ ಅಜ್ಜಿಗೆ ಹೇಳಿದ್ದೇನೆ. ವ್ಯಾನಿನ ತೊಂದರೆ ಪೂರ್ತಿ ಬಗೆಹರಿದಿಲ್ಲ. ದೊಡ್ಡ ಕ್ಲಾಸಿನ ಇಬ್ಬರು ಹುಡುಗರು ಆ ಮಾತು ಇನ್ನೂ ಅನ್ನುತ್ತಾರೆ. ಅಪ್ಪ ದಿನಾ ಬೈಕಿನಲ್ಲಿ ಬಿಟ್ಟು ಬರುತ್ತೇನೆ ಅಂದರು. ಪುಟ್ಟನನ್ನು 'ವ್ಯಾನಿನಿಂದ ತೆಗೆದ ಹಾಗೆ' ಆಗಬಾರದು ಅಂತ ನನಗೆ ಅನ್ನಿಸಿತು. ಮುಖ್ಯೋಪಾಧ್ಯಾಯರ ಜೊತೆ ಮಾತಾಡಿ, ವ್ಯಾನಿನಲ್ಲಿ ಮಕ್ಕಳ ಜೊತೆ ಬರುವ ಆಯಾಗೆ ಇದರ ಜವಾಬ್ದಾರಿ ಕೊಡಿಸಿದ್ದೇವೆ. ಬರುವ ಸಂಕ್ರಾಂತಿಯ ಸ್ಪರ್ಧೆಗೆ ಹೆಸರು ಬರೆಸುವಾಗ ಹುಡುಗ, ಹುಡುಗಿ ಅಂತ ಎರಡು ಪಟ್ಟಿ ಮಾಡುವುದಿಲ್ಲ ಅಂತಲೂ ಅವರು ಒಪ್ಪಿದ್ದಾರೆ. ರಂಗೋಲಿಗೋ ಗಾಳಿಪಟಕ್ಕೋ ಅಂತ ಪುಟ್ಟ ಇನ್ನೂ ಹೇಳಿಲ್ಲ, ಮನೆಯಲ್ಲಿ ಯಾರೂ ಕೇಳಿಲ್ಲ.